ನಡೆದು ತೋರಿಸಿ

ಎಚ್ಚರವಾಗಿ ಹತ್ತು ನಿಮಿಷವಾಗಿದ್ದರೂ ಅವಳು ಅಲುಗದೆ ಎಡಮಗ್ಗುಲಲ್ಲೇ ಮಲಗಿದ್ದಳು. ಏಳುವುದೇ ಈಗ ಒಂದು ದೊಡ್ಡ ಕೆಲಸವಾಗಿತ್ತು. ಮೊಣಕಾಲುಗಳ ನಡುವಿನ ದಿಂಬು ಜಾರದಂತೆ ಎರಡೂ ಕಾಲನ್ನು ಒತ್ತಿ ಹಿಡಿದು, ಮೊದಲು ಹೆಗಲು ಆಮೇಲೆ ಸೊಂಟ ಅಂತ ಬಿಡಿಬಿಡಿಯಾಗಿ ತಿರುಗದೆ, ಇಡೀ ಮೈಯನ್ನು ದಿಮ್ಮಿ ಉರುಳಿಸಿದ ಹಾಗೆ ಒಮ್ಮೆಲೇ ಉರುಳಿಸಿ ಮಂಚದ ಅಂಚಿಗೆ ಬರಬೇಕು. ಕಾಲುಗಳ ನಡುವೆ ಒಂದು ಗೇಣು ಸಂದು ಬಿದ್ದರೆ ಮುಗಿಯಿತು. ಹೊಟ್ಟೆಯ ಬುಡದಲ್ಲಿ, ಎಡಬಲದ ಎಲುಬುಗಳು ಕೂಡುವಲ್ಲಿ, ಯಾರೋ ಉಳಿ ಇಟ್ಟು ಬಡಿದಂತಾಗಿ ಉಸಿರು ಅಲ್ಲೇ ನಿಲ್ಲುತ್ತಿತ್ತು. ಅದರ ಹಿಂದೆಯೇ ಬೆನ್ನ ಕೆಳಗೆ ಬಲಗಡೆ ಇನ್ನೊಂದು ಏಟು. ಆ ಕೀಲಿನ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓದುವಾಗ ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಐದಕ್ಕೆ ಐದು ತೆಗೆದುಕೊಂಡಿದ್ದಳು.

"ಎದ್ದೆಯಾ?" ಎಂದು ಗಂಡ ಅಡುಗೆಮನೆಯಿಂದ ಕೂಗಿದ. "ಏಳ್ತಾ ಇದೀನಿ" ಎಂದಳು. ಇದೇ ಪ್ರಶ್ನೆ, ಇದೇ ಉತ್ತರ, ಒಂಬತ್ತು ವಾರದಿಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ರಿಪೇರಿಯವನ ಮನೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದೆ ಎನ್ನುವುದನ್ನು ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳೂ ನಗುತ್ತಿದ್ದಳು. ಈಗ ಅವನು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಅವಳು ಮಂಚದ ಮೇಲೆ ಕೂತೇ ಪ್ಯಾಂಟಿನೊಳಗೆ ಒಂದೊಂದೇ ಕಾಲು ತೂರಿಸುವುದನ್ನು ನೋಡಿದ. ನೋಡಬಾರದ್ದನ್ನು ನೋಡಿದವನಂತೆ ಟೀಯತ್ತ ಕಣ್ಣು ಹೊರಳಿಸಿದ. "ರಜೆ ಹಾಕೇ" ಎಂದ. "ಯಾಕೆ?" ಎಂದಳು. ಅವನು ಲೋಟವನ್ನು ಅವಳ ಪಕ್ಕದಲ್ಲಿಟ್ಟು ಅಡುಗೆಮನೆಗೆ ಹೋದ. ರಾತ್ರಿ ಹೊತ್ತು ಅವನ ಕಾಲು ತಗುಲಿದರೂ ಅವಳು ಸರಿದುಬಿಡುತ್ತಿದ್ದಳು. ಅದು ನೋವಿಗಲ್ಲ, ತನ್ನ ಮೇಲಿನ ಬೇಸರಕ್ಕೆ ಅಂತ ಅವನು ತಿಳಿದುಕೊಂಡಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಿದ್ದಲಿಲ್ಲ. ತಿದ್ದಬೇಕಾದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಸಣ್ಣವಳಿದ್ದಾಗ ಗೋಡೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ಮೂರು ದಿನ ಬಾಯಿ ಬಿಟ್ಟಿರಲಿಲ್ಲ. ನಾಲ್ಕನೇ ದಿನ ಊದಿದ ಕೈ ನೋಡಿ ಅಮ್ಮ ಮೊದಲು ಅತ್ತಳು, ಆಮೇಲೆ ಮನೆಗೆ ಬಂದವರ ಮುಂದೆಲ್ಲ, "ನನ್ನ ಮಗಳು ಗಟ್ಟಿ, ಉಸಿರು ಬಿಡಲಿಲ್ಲ ನೋಡಿ" ಎಂದು ಹೇಳಿಕೊಂಡು ಮೆರೆದಳು. ಆ ಮಣಿಕಟ್ಟು ಇವತ್ತಿಗೂ ಸ್ವಲ್ಪ ಸೊಟ್ಟ.

ಮೆಟ್ಟಿಲಿಳಿಯಲು ಅವಳಿಗೆ ಹನ್ನೊಂದು ನಿಮಿಷ ಬೇಕಾಯಿತು. ಕಂಬಿ ಹಿಡಿದು, ಪಕ್ಕವಾರೆ ತಿರುಗಿ, ಒಂದು ಮೆಟ್ಟಿಲಿಗೆ ಎರಡೂ ಕಾಲು ತಂದು, ನಿಂತು, ಮತ್ತೆ ಒಂದು. ಎರಡನೇ ಮಹಡಿಯ ಅಜ್ಜಿ ಬಾಗಿಲು ತೆರೆದು, "ಮೊದಲನೇದಲ್ವಾ, ಹಂಗೇ ಇರುತ್ತೆ" ಎಂದು ಬಾಗಿಲು ಹಾಕಿಕೊಂಡರು. ಹಂಗೇ ಅಂದರೆ ಹೆಂಗೆ ಎಂದು ಕೇಳಬೇಕೆನಿಸಿತು. ಅವಳು ಕೆಲಸ ಮಾಡುವ ಆಸ್ಪತ್ರೆಯ ಹೆರಿಗೆ ಡಾಕ್ಟರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಬಸುರಿಯಾದ ಮೇಲೆ ಸೊಂಟ ನೋಯದೆ ಇರುತ್ತಾ, ಕೀಲುಗಳು ಸಡಿಲ ಆಗ್ತವೆ, ಹೆತ್ತ ಮೇಲೆ ತಾನಾಗಿ ಹೋಗುತ್ತೆ. ಹೇಳುತ್ತಲೇ ಮುಂದಿನವರ ಚೀಟಿ ಎತ್ತಿಕೊಂಡಿದ್ದರು. ಆ ದನಿ ತೀರಾ ಪರಿಚಯದ್ದೆನಿಸಿ ಅವಳು ಕೋಣೆಯಿಂದ ಹೊರಬಂದು ಹಜಾರದಲ್ಲಿ ಸ್ವಲ್ಪ ಹೊತ್ತು ಗೋಡೆಗೊರಗಿ ನಿಂತಿದ್ದಳು. ಆ ದನಿ ಎಲ್ಲಿ ಕೇಳಿದ್ದು ಎಂದು ಯೋಚಿಸಲು ಹೋಗಲಿಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕೃತಕ ಕಾಲು ಮಾಡುವ ಕಾರ್ಯಾಗಾರ. ಹದಿಮೂರು ವರ್ಷದಿಂದ ಅವಳು ಅಲ್ಲಿದ್ದಾಳೆ. ಒಳಗೆ ಕಾಲಿಟ್ಟರೆ ಪ್ಲಾಸ್ಟರಿನ ಪುಡಿ, ಒಲೆಯಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯ ವಾಸನೆ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ನಂಬರು ಬರೆದಿಟ್ಟ ಬಿಳಿ ಅಚ್ಚುಗಳು. ಕೋಣೆಯ ನಡುವೆ ಉದ್ದಕ್ಕೆ ಎರಡು ಕಂಬಿಗಳು, ಅವುಗಳ ಕೊನೆಯಲ್ಲಿ ಆಳೆತ್ತರದ ಕನ್ನಡಿ. ಹೊಸ ಕಾಲು ತೊಟ್ಟವರು ಆ ಕಂಬಿಗಳನ್ನು ಹಿಡಿದು ಕನ್ನಡಿಯ ಕಡೆ ನಡೆಯುತ್ತಾರೆ. ಅವಳು ಹಿಂದಿನಿಂದ ನೋಡುತ್ತಾಳೆ, ಪಕ್ಕದಿಂದ ನೋಡುತ್ತಾಳೆ, ಕೊನೆಗೆ ಕನ್ನಡಿಯಲ್ಲಿ ನೋಡುತ್ತಾಳೆ. "ನಡೆದು ತೋರಿಸಿ" ಎನ್ನುವುದು ದಿನಕ್ಕೆ ನಲವತ್ತು ಸಲ ಅವಳ ಬಾಯಲ್ಲಿ ಬರುವ ಮಾತು. ಯಾರ ಸೊಂಟ ಎಷ್ಟು ವಾಲುತ್ತದೆ, ಯಾರ ಹೆಜ್ಜೆ ಎಲ್ಲಿ ಕುಂಟುತ್ತದೆ ಎಂದು ಅವಳು ಹಜಾರದ ಸದ್ದಿನಲ್ಲೇ ಹೇಳಬಲ್ಲಳು. ಅದಕ್ಕೇ ತನ್ನ ನಡಿಗೆಯನ್ನು ಅಲ್ಲಿ ಬಚ್ಚಿಡುವುದು ಎಷ್ಟು ಕಷ್ಟವೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕೈಯಲ್ಲೊಂದು ಫೈಲು ಹಿಡಿದು, ಓದುತ್ತಾ ಓದುತ್ತಾ ನಿಧಾನಕ್ಕೆ ಹೋಗುವವಳಂತೆ ಪುಟ್ಟಪುಟ್ಟ ಹೆಜ್ಜೆ ಇಡುವುದನ್ನು ಕಲಿತಿದ್ದಳು. ಉಳಿದ ಹೊತ್ತು ಗಾಲಿಯಿರುವ ಸ್ಟೂಲು. ಕೂತಲ್ಲಿಂದಲೇ ಅಂಗೈಯಲ್ಲಿ ಮೇಜು ತಳ್ಳಿ ಆ ತುದಿಯಿಂದ ಈ ತುದಿಗೆ ಉರುಳಿಕೊಂಡು ಹೋಗುತ್ತಿದ್ದಳು. ಇನ್ನು ಮೂರು ತಿಂಗಳಿಗೆ ಮೇಷ್ಟ್ರು ನಿವೃತ್ತಿಯಾಗುತ್ತಾರೆ. ಕಾರ್ಯಾಗಾರದ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ಅದು, ಅವಳಿಗೆ ಕೆಲಸ ಕಲಿಸಿದವರೂ ಅವರೇ. ಆ ಜಾಗ ಅವಳಿಗೇ ಎಂದು ಬಾಯಿಬಿಟ್ಟು ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಹೊಟ್ಟೆ ಕಂಡರೆ ಕಾಣಲಿ. ನೋವು ಕಂಡರೆ, ಪಾಪ, ಮನೇಲಿ ಇರ್ಲಿ ಬಿಡಿ ಅನ್ನುತ್ತಾರೆ.

ಹನ್ನೊಂದು ಗಂಟೆಗೆ ಕ್ಷೌರಿಕ ಬಂದ. ಐವತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆಯಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡವನು. ನಾಲ್ಕು ತಿಂಗಳ ಹಿಂದೆ ಅವಳೇ ಅಳತೆ ತೆಗೆದು, ಅವಳೇ ಅಚ್ಚು ಹೊಯ್ದು ಮಾಡಿಕೊಟ್ಟ ಕಾಲು. ಅದು ನೋಯುತ್ತದೆಂದು ಆಗಲೇ ಎರಡು ಸಲ ಬಂದುಹೋಗಿದ್ದ, ಇದು ಮೂರನೆಯದು.

"ಮತ್ತೆ ಬಂದೆ, ಬೈಬೇಡಿ ಮೇಡಂ" ಎಂದ.

"ಬೈಯೋದ್ಯಾಕೆ. ಕೂತ್ಕೊಳ್ಳಿ. ಹೇಗಿದೆ?"

"ಹೋದ ವಾರ ಅಂಗಡಿಗೆ ಹೋಗಿದ್ದೆ. ನಿಂತ್ಕೊಂಡು ಒಂದು ತಲೆ ಅರ್ಧ ಕತ್ತರಿಸೋ ಹೊತ್ತಿಗೆ ಆಗ್ಲಿಲ್ಲ, ಕೂತ್ಬಿಟ್ಟೆ. ಇನ್ನರ್ಧ ನಮ್ಮ ತಮ್ಮ ಮುಗಿಸಿದ. ಗಿರಾಕಿ ಏನೂ ಅನ್ಲಿಲ್ಲ. ಹೋಗ್ತಾ, ಪಾಪ ಅಂದ." ಕಂಬಿಯತ್ತ ಏಳುತ್ತಾ, "ಬೈದಿದ್ರೇ ಚೆನ್ನಾಗಿತ್ತು" ಎಂದ.

"ನಡೆದು ತೋರಿಸಿ" ಎಂದಳು.

ಅವನು ಕಂಬಿ ಹಿಡಿದು ನಡೆದ. ಅವಳು ಸ್ಟೂಲಿನಲ್ಲಿ ಕೂತೇ ನೋಡಿದಳು. ಬಲಗಡೆ ಭಾರ ಬಿದ್ದ ಕೂಡಲೇ ಅವನ ಮೈ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬಿಸಿ ತವ ಮುಟ್ಟಿದ ಬೆರಳಿನ ಹಾಗೆ ಕಾಲು ಬೇಗ ಬೇಗ ನೆಲ ಬಿಡುತ್ತಿತ್ತು. ಹೋದ ಸಲವೂ ಹೀಗೇ ಇತ್ತು. ಹೋದ ಸಲ ಅವಳು ಇದನ್ನು ನೋಡಿರಲಿಲ್ಲವೆಂದಲ್ಲ. ಹೋದ ಸಲ, ಐದು ವಾರದ ಹಿಂದೆ, ಇದೇ ಸ್ಟೂಲಿನಲ್ಲಿ ಕೂತು ಅವನಿಗೆ ತಾನು ಏನು ಹೇಳಿದ್ದೆ ಎನ್ನುವುದು ಒಂದು ಅಕ್ಷರ ಬಿಡದಂತೆ ನೆನಪಾಯಿತು. "ಇದು ನೋವಲ್ಲ, ಅಭ್ಯಾಸ ಇಲ್ಲ ಅಷ್ಟೆ. ಹೊಸ ಚಪ್ಪಲಿ ಕಚ್ಚಲ್ವಾ? ಹಂಗೇ ಇರುತ್ತೆ, ತಾನಾಗಿ ಹೋಗುತ್ತೆ." ಹೇಳುತ್ತಲೇ ಮುಂದಿನವರ ಫೈಲು ಎತ್ತಿಕೊಂಡಿದ್ದಳು. ಹೆರಿಗೆ ಡಾಕ್ಟರ ಕೋಣೆಯಲ್ಲಿ ಕೇಳಿದ್ದ ದನಿ ಇದೇ.

ಅದಕ್ಕಿಂತ ಕೆಟ್ಟದ್ದೊಂದು ಫೈಲಿನಲ್ಲಿತ್ತು. ಮೋಟುಕಾಲು ಕೂರುವ ಭಾಗಕ್ಕೆ ಕಾರ್ಯಾಗಾರದಲ್ಲಿ ಬಟ್ಟಲು ಎನ್ನುತ್ತಾರೆ. ನೋವೆಂದು ಬಂದವರ ಬಟ್ಟಲನ್ನು ಬಿಚ್ಚಿಸಿ, ಮಂಡಿಯೂರಿ ಕೂತು, ಮೋಟುಕಾಲನ್ನು ಅಂಗೈಯಲ್ಲಿ ಹಿಡಿದು ಎಲುಬೆಲುಬನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಕಣ್ಣಿಗೆ ಸಿಗದ್ದು ಬೆರಳಿಗೆ ಸಿಗುತ್ತದೆ. ಅದರಲ್ಲೂ ಸಕ್ಕರೆ ಕಾಯಿಲೆಯವರ ಕಾಲು ನೋವನ್ನು ಪೂರ್ತಿ ಹೇಳುವುದಿಲ್ಲ. ಐದು ವಾರದ ಹಿಂದೆ ಅವಳಿಗೆ ಮಂಡಿಯೂರಲು ಆಗುತ್ತಿರಲಿಲ್ಲ. ಊರಿದರೆ ಏಳಲು ಆಗುತ್ತಿರಲಿಲ್ಲ, ಎದುರಿಗೆ ಮೇಷ್ಟ್ರಿದ್ದರು. ಸ್ಟೂಲಿನಿಂದಲೇ ಇಷ್ಟು ಬಗ್ಗಿ ನೋಡಿ, 'ಮುಟ್ಟಿ ಪರೀಕ್ಷಿಸಲಾಗಿದೆ, ಬಟ್ಟಲು ಸರಿಯಿದೆ, ಅಭ್ಯಾಸದ ಕೊರತೆ' ಎಂದು ಬರೆದು ಸಹಿ ಹಾಕಿದ್ದಳು. ಅಕ್ಷರ ಈಗಲೂ ದುಂಡಗೆ, ಚೆನ್ನಾಗಿಯೇ ಇತ್ತು.

"ಬಿಚ್ಚಿ" ಎಂದಳು. ಅವನು ಕುರ್ಚಿಯಲ್ಲಿ ಕೂತು ಕಾಲು ಬಿಚ್ಚಿದ. ಸ್ಟೂಲಿನಿಂದ ನೆಲ ಎಷ್ಟು ದೂರವಿದೆ ಎಂದು ಅವಳು ಒಮ್ಮೆ ಅಳೆದಳು. ಹೊಟ್ಟೆಯೊಳಗೆ ಮಗು ಮೊಣಕೈ ಹೊರಳಿಸಿತು, ತನ್ನ ಪಾಡಿಗೆ ತಾನು. ಅದಕ್ಕೆ ಇದ್ಯಾವುದೂ ಗೊತ್ತಿಲ್ಲ. ಕೆಲವು ದಿನ ಬೆಳಿಗ್ಗೆ ಮಗ್ಗುಲಾಗುವಾಗ ಅದರ ಮೇಲೆ ಬರುವ ಸಿಟ್ಟನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ, ತನ್ನ ಮುಂದೆಯೂ. ಮೇಜಿನಂಚು ಹಿಡಿದು, ಮೊಣಕಾಲುಗಳನ್ನು ಜೋಡಿಸಿಕೊಂಡೇ ನೆಲಕ್ಕಿಳಿದಳು. ಇಳಿಯುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಮೋಟುಕಾಲನ್ನು ಅಂಗೈಗೆ ತೆಗೆದುಕೊಂಡು ಹೊರಮಗ್ಗುಲಿನ ಎಲುಬಿನ ತುದಿಗೆ ಹೆಬ್ಬೆರಳು ತಂದಳು. ಅಲ್ಲಿ ಚರ್ಮ ಬಿಸಿಯಾಗಿತ್ತು. ಬೆರಳಿಗೆ ಒದ್ದೆ ಹತ್ತಿತು. ಬೇಳೆಯಷ್ಟಗಲದ ಗಾಯ, ಸುತ್ತ ಕಪ್ಪಿಟ್ಟ ಚರ್ಮ. ಮಾಂಸದ ಮಡಿಕೆಯೊಳಗೆ ಇದ್ದದ್ದರಿಂದ ಮೇಲಿನಿಂದ ನೋಡಿದರೆ ಕಾಣುವಂಥದ್ದಲ್ಲ. ಬಟ್ಟಲೊಳಗೆ ಕೈಹಾಕಿ ನೋಡಿದಳು. ಎಲುಬಿಗೆಂದು ಅಲ್ಲಿ ತಗ್ಗು ಬಿಡಬೇಕಿತ್ತು. ಬಿಟ್ಟಿದ್ದಳು, ಆದರೆ ಎಲುಬು ಇರುವಲ್ಲಿ ಅಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ. ಅಚ್ಚು ತೆಗೆಯುವಾಗ ಪೆನ್ಸಿಲಿನ ಗುರುತು ಎರಡು ಬೆರಳು ಜಾರಿತ್ತು. ಆ ಹೊತ್ತಿಗೆ ನೋವಿರಲಿಲ್ಲ, ನೆಪ ಹೇಳಲು ಅದೂ ಇಲ್ಲ; ಬರಿಯ ತಪ್ಪು. ತಪ್ಪು ಎಲ್ಲರಿಂದಲೂ ಆಗುತ್ತದೆ. ಐದು ವಾರದ ಹಿಂದೆ ಮುಟ್ಟಿದ್ದರೆ ಅದು ಬರಿಯ ತಪ್ಪಾಗಿಯೇ ಉಳಿಯುತ್ತಿತ್ತು.

ಏಳಲು ಹೋದಳು. ಬಲಮಂಡಿ ಎತ್ತಿದ್ದೇ ತಡ ಎಲುಬುಗಳು ಬೇರೆಬೇರೆಯಾದಂತಾಗಿ ಬಾಯಿಂದ ಒಂದು ಸದ್ದು ಹೊರಟಿತು. ಅದು ತನ್ನದೆಂದು ತಿಳಿಯಲು ಅವಳಿಗೆ ಅರೆಕ್ಷಣ ಹಿಡಿಯಿತು. ಎರಡೂ ಕೈಯನ್ನು ನೆಲಕ್ಕೂರಿ, ಅಂಬೆಗಾಲಿನ ಮಗುವಿನಂತೆ ಹಾಗೇ ಇದ್ದಳು. ಪ್ಲಾಸ್ಟರಿನ ಪುಡಿ ಅಂಗೈಗೆ ಮೆತ್ತಿತು. ಆ ಕಡೆ ಒಲೆಯ ಮುಂದೆ ಮೇಷ್ಟ್ರ ಬೆನ್ನು ಕಾಣುತ್ತಿತ್ತು. ತಿರುಗಬೇಡಿ, ತಿರುಗಬೇಡಿ ಎಂದು ಆ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದಳು.

"ಎರಡು ಮಂಡೀನೂ ಒಟ್ಟಿಗೇ ಇಟ್ಕೊಳ್ಳಿ" ಎಂದ ಕ್ಷೌರಿಕ, ಮೆಲ್ಲಗೆ. ಒಂದು ಕೈಯಿಂದ ಕುರ್ಚಿಯ ತೋಳು ಹಿಡಿದು ಇನ್ನೊಂದನ್ನು ಅವಳತ್ತ ಚಾಚಿದ್ದ. "ನನ್ನ ಮೇಲೆ ಭಾರ ಹಾಕಿ. ಬೀಳಲ್ಲ, ಕುರ್ಚಿ ಗಟ್ಟಿ ಇದೆ." ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಕಾಯಿಕಟ್ಟಿದ ಕೈ. ಅವಳು ಅದನ್ನು ಹಿಡಿದು ಎದ್ದು, ಸ್ಟೂಲಿನಲ್ಲಿ ಕೂತು, ಉಸಿರು ಬಿಟ್ಟಳು.

"ಹೋದ ಸಲಾನೇ ನೋಡಿದ್ದೆ" ಎಂದ. "ಕನ್ನಡೀಲಿ. ನೀವು ಫೈಲು ಓದ್ತಾ ಆ ಕಡೆ ಹೋದ್ರಿ. ಹಾಳೆ ತಿರುವ್ಲೇ ಇಲ್ಲ. ನಲವತ್ತು ವರ್ಷ ಕನ್ನಡೀಲೇ ಜನರನ್ನ ನೋಡಿದೀನಲ್ಲ ಮೇಡಂ."

"ಕೇಳಬಹುದಿತ್ತು."

"ನೀವು ನನ್ನ ಕಾಲು ನೋಡೋರು. ನಿಮ್ಮ ಕಾಲಿನ ಸುದ್ದಿ ಎತ್ತೋಕೆ ನಾನ್ಯಾರು?"

ಇಲ್ಲಿಗೆ ಮಾತು ನಿಲ್ಲಿಸಬಹುದಿತ್ತು. ಗಾಯ ಈಚೆಗೆ ಆದದ್ದು ಎನ್ನಬಹುದಿತ್ತು. ಗಾಯಕ್ಕೆ ತಾರೀಕು ಬರೆದಿರುವುದಿಲ್ಲ. ಅವನು ನಂಬುತ್ತಿದ್ದ, ನಂಬಿ ಥ್ಯಾಂಕ್ಸ್ ಕೂಡ ಹೇಳುತ್ತಿದ್ದ. ಅವಳು ಅದನ್ನೆಲ್ಲ ಸಾವಧಾನವಾಗಿ, ಬೇರೆ ಯಾರದೋ ವಿಷಯವೆಂಬಂತೆ ಯೋಚಿಸಿದಳು. ಆಮೇಲೆ ಹೇಳಿದಳು.

"ಗಾಯ ಆಗಿದೆ. ಅಚ್ಚಿನಲ್ಲಿ ನಾನು ಹಾಕಿದ ಗುರುತು ತಪ್ಪು. ಹೋದ ಸಲ ಬಂದಾಗ ಮುಟ್ಟಿ ನೋಡಿದ್ರೆ ಅವತ್ತೇ ಗೊತ್ತಾಗೋದು. ನಾನು ಮುಟ್ಟಲಿಲ್ಲ. ಮುಟ್ಟಿ ನೋಡಿದೆ ಅಂತ ಬರೆದೆ."

"ಯಾಕೆ?"

"ಬಗ್ಗೋಕೆ ಆಗ್ತಿರಲಿಲ್ಲ."

ಅವನು ತನ್ನ ಮೋಟುಕಾಲನ್ನು, ಆಮೇಲೆ ಅವಳ ಹೊಟ್ಟೆಯನ್ನು, ಆಮೇಲೆ ಕನ್ನಡಿಯನ್ನು ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ. "ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ" ಎಂದ. ಮೇಡಂ ಹೋಗಿ ಅಮ್ಮ ಬಂದಿತ್ತು. ಅದರಲ್ಲಿ ಪ್ರೀತಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. "ಬೇರೆ ಯಾರಾದ್ರೂ ನೋಡ್ತಿದ್ರು. ಮನೇಲಿ ಹೆಂಡತಿ, ಮಕ್ಕಳು, ಎಲ್ಲರೂ ಸೇರಿ ನನ್ನನ್ನ ಮೈಗಳ್ಳ ಮಾಡಿಬಿಟ್ರು. ಆಸ್ಪತ್ರೆಯವರೇ ನೋವಿಲ್ಲ ಅಂದಿದಾರಲ್ಲ, ಏಳು ಅಂತ. ನಾನೂ ಹಂಗೇ ಅನ್ಕೊಂಡೆ. ನನಗೇ ಧೈರ್ಯ ಇಲ್ಲ ಅಂತ."

ಅವಳು ಮೇಷ್ಟ್ರನ್ನು ಕರೆದಳು. ಕ್ಷೌರಿಕನ ಎದುರಿಗೇ, ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಇನ್ನೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಸುಲಭವಾಗಲಿಲ್ಲ. ಮೇಷ್ಟ್ರು ಏಪ್ರನ್ನಿಗೆ ಕೈ ಒರೆಸಿಕೊಂಡು ಗಾಯ ನೋಡಿದರು, ಬಟ್ಟಲು ನೋಡಿದರು, ಫೈಲು ನೋಡಿದರು. ಅವಳ ಮುಖ ಮಾತ್ರ ನೋಡಲಿಲ್ಲ. ಗಾಲಿಕುರ್ಚಿ ತರಿಸಿ ಕ್ಷೌರಿಕನನ್ನು ಶಸ್ತ್ರಚಿಕಿತ್ಸೆಯ ಡಾಕ್ಟರ ಹತ್ತಿರ ಕಳಿಸಿದರು. ಒಂದು ಗಂಟೆಯ ನಂತರ ಸುದ್ದಿ ಬಂತು. ಗಾಯ ಎಲುಬಿನವರೆಗೆ ಇಳಿದಿಲ್ಲ, ಕಾಲನ್ನು ಇನ್ನೂ ಮೇಲೆ ಕತ್ತರಿಸುವ ಪ್ರಮೇಯವಿಲ್ಲ. ಆರು ವಾರ ಕೃತಕ ಕಾಲು ತೊಡಬಾರದು, ವಾರಕ್ಕೆ ಎರಡು ಸಲ ಬ್ಯಾಂಡೇಜು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಏನೂ ಹೇಳುವ ಹಾಗಿರಲಿಲ್ಲವಂತೆ. ಹೊಸ ಅಚ್ಚು ಮಾತ್ರ ಬೇರೆಯವರ ಕೈಲಿ ತೆಗೆಸಿ ಎಂದು ಕ್ಷೌರಿಕ ಹೇಳಿಕಳಿಸಿದ್ದ. ಕೇಳಿ ಅವಳಿಗೆ ಅವಮಾನವಾಯಿತು. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದೂ ಅನಿಸಿತು. ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

"ಫೈಲಿನಲ್ಲಿ ನೀನೇ ಬರಿ" ಎಂದರು ಮೇಷ್ಟ್ರು. ಬರೆದಳು. ಅವರು ಓದಿ ಕೆಳಗೆ ಸಹಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚುತ್ತಾ ಕೇಳಿದರು, "ಎಷ್ಟು ದಿನದಿಂದ?"

"ಒಂಬತ್ತು ವಾರ."

"ನನಗೆ ಕಾಣಲಿಲ್ಲವಲ್ಲ" ಎಂದರು. ಅದು ಅವಳಿಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ. "ಮೇಲಿನವರಿಗೆ ನಾನು ಹೇಳಲೇಬೇಕಾಗುತ್ತೆ. ಗೊತ್ತಲ್ಲ?" ಅವಳು ತಲೆಯಾಡಿಸಿದಳು. ಅವರು ಒಲೆಯ ಕಡೆ ಹೋದರು. ಮುಖ್ಯಸ್ಥೆಯ ಕುರ್ಚಿ, ಅವಳು ಮನಸ್ಸಿನಲ್ಲೇ ಕಿಟಕಿಯ ಪಕ್ಕಕ್ಕೆ ಎಳೆದಿಟ್ಟುಕೊಂಡಿದ್ದ ಮೇಜು, ಎಲ್ಲ ಯಾರದೋ ಕೋಣೆಯ ಸಾಮಾನುಗಳಾಗಿ ದೂರ ಸರಿದವು. ಎದೆ ಒಡೆದುಹೋಗುತ್ತದೆ ಎಂದುಕೊಂಡಿದ್ದಳು. ಹಸಿವಾಯಿತು.

ಡಬ್ಬಿಯ ಊಟ ಮುಗಿಸಿ ಅವಳು ಫಿಸಿಯೋಥೆರಪಿ ಕೋಣೆಗೆ ಹೊರಟಳು. ಹಜಾರ ಉದ್ದವಾಗಿತ್ತು. ಕೈಯಲ್ಲಿ ಫೈಲಿರಲಿಲ್ಲ. ಗೋಡೆ ಹಿಡಿದು, ಕಾಲೆಳೆದು, ಬಾತುಕೋಳಿಯ ಹಾಗೆ ಎರಡೂ ಕಡೆ ವಾಲುತ್ತಾ ನಡೆದಳು. ಎದುರಿಗೆ ಬಂದ ನರ್ಸುಗಳು ದಾರಿ ಬಿಟ್ಟರು. ಕೋಣೆಯ ಹೊರಗಿನ ಬೆಂಚಿನಲ್ಲಿ ಆರು ಜನರಿದ್ದರು. ಆಸ್ಪತ್ರೆಯವಳೆಂದು ಒಳಗೆ ನುಗ್ಗಬಹುದಿತ್ತು. ಕೊನೆಗೆ ಹೋಗಿ ಕೂತಳು. ಪಕ್ಕದವರು ಸರಿದು ಜಾಗ ಕೊಟ್ಟರು. ಸರದಿ ಬಂದಾಗ ಒಳಗಿದ್ದ ಹುಡುಗಿ ತಲೆಯೆತ್ತಿದಳು. ಹೋದ ವರ್ಷ ಸೇರಿದವಳು. ರೋಗಿಗಳ ಮಾತು ಕೇಳುತ್ತಾ ಕೂತು ಹೊತ್ತು ಹಾಳುಮಾಡುತ್ತಾಳೆ ಎಂದು ಅವಳ ಬಗ್ಗೆ ಕಾರ್ಯಾಗಾರದಲ್ಲಿ ಇವಳೇ ನಕ್ಕದ್ದುಂಟು.

"ಏನಕ್ಕಾ, ಯಾರದಾದ್ರೂ ಫೈಲು ಬೇಕಿತ್ತಾ?"

"ಇಲ್ಲ. ತೋರಿಸ್ಕೊಳ್ಳೋಕೆ ಬಂದೆ."

ಹುಡುಗಿ ಎದ್ದು ಬಾಗಿಲು ಮುಂದೆ ಮಾಡಿದಳು. ಎಲ್ಲಿ, ಯಾವಾಗಿಂದ, ಮಲಗಿದಾಗಲಾ, ಮೆಟ್ಟಿಲು ಹತ್ತುವಾಗಲಾ ಎಂದು ಒಂದೊಂದಾಗಿ ಕೇಳಿದಳು. ಅವಳು ಕೈಯಿಟ್ಟು ತೋರಿಸಿದಳು. ಹುಡುಗಿಯ ಬೆರಳು ಅದೇ ಜಾಗಕ್ಕೆ ಬಂತು, ಒತ್ತಿತು, ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಬಲಗಾಲೊಂದರ ಮೇಲೆ ನಿಲ್ಲಲು ಹುಡುಗಿ ಹೇಳಿದಳು; ಇವಳಿಗೆ ನಿಲ್ಲಲಾಗಲಿಲ್ಲ. "ಆಗಲ್ಲ" ಎಂದಳು. "ಆಗದೇ ಇದ್ರೆ ಬೇಡ. ಕೂತ್ಕೊಳ್ಳಿ ಅಕ್ಕ" ಎಂದ ಹುಡುಗಿ ಹಾಳೆ ತೆಗೆದುಕೊಂಡಳು. ಸೊಂಟಕ್ಕೆ ಬೆಲ್ಟು ಕಟ್ಟೋದು ಹೇಳಿಕೊಡ್ತೀನಿ, ಊರುಗೋಲು ಬೇಕಾಗುತ್ತೆ, ಹೆರಿಗೆ ಹೊತ್ತಿಗೆ ಕಾಲು ಎಷ್ಟು ಅಗಲ ಮಾಡಬಹುದು ಅಂತ ಅಳತೆ ತೆಗೆದು ಚೀಟಿ ಬರ್ಕೊಡ್ತೀನಿ, ನಿಮ್ಮ ಮನೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ, ಹೇಗೆ ಎಬ್ಬಿಸಬೇಕು ಅಂತ ಅವರಿಗೂ ತೋರಿಸ್ತೀನಿ ಎಂದಳು. ಆಮೇಲೆ ಕೇಳಿದಳು, "ಹತ್ತರಲ್ಲಿ ಎಷ್ಟು ನೋವು ಅಂತೀರಿ?"

ಈ ಪ್ರಶ್ನೆಯನ್ನು ಅವಳು ಸಾವಿರಾರು ಜನಕ್ಕೆ ಕೇಳಿದ್ದಳು. ಅವರು ಹೇಳಿದ್ದರಲ್ಲಿ ಎರಡು ಕಳೆದು ಬರೆಯುವುದು ರೂಢಿ. ಜನ ಹೆಚ್ಚು ಮಾಡಿ ಹೇಳುತ್ತಾರೆ, ಎರಡು ಕಳೆದರೆ ನಿಜ ಸಿಗುತ್ತದೆ ಎಂದು ಕೆಲಸಕ್ಕೆ ಸೇರಿದ ವಾರದಲ್ಲೇ ಕಲಿತಿದ್ದಳು. ಕಳೆಯುವಾಗ ಎಂದೂ ಲೆಕ್ಕ ಮಾಡಬೇಕಾಗಿ ಬಂದಿರಲಿಲ್ಲ, ಕೈ ತಾನಾಗಿ ಕಳೆಯುತ್ತಿತ್ತು. ಈಗ ಒಂಬತ್ತು ಎನ್ನಬೇಕೇ? ಅಂದರೆ ಸರಿಯಾಗಿ ಏಳು ಉಳಿಯುತ್ತದೆ. ಒಂಬತ್ತು ಅಂದರೆ ಅತಿಯಾಯಿತೇನೋ. ಏಳು ಅಂದರೆ ಐದಾಗುತ್ತದೆ. ಐದು ನೋವಿನವರನ್ನು ಅವಳು ಯಾವತ್ತೂ ಎರಡನೇ ಸಲ ಕೇಳಿದ್ದಿಲ್ಲ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಸರ ಮಾಡಲಿಲ್ಲ.

"ಏಳು" ಎಂದಳು.

ಹೇಳಿ, ಪೆನ್ನಿನ ತುದಿಯನ್ನೇ ನೋಡುತ್ತಾ ಕೂತಳು. ಹುಡುಗಿ ಬಗ್ಗಿ, ಏಳು ಎಂದೇ ಬರೆದಳು.